ಬೀಗದಕೈ ಬೇಕೇ ಬೇಕು

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಮೈಕಣ್ಣನ ಅಳತೆ ತೆಗೆದೇ ಹೊಲಿದಿರಬೇಕು. ಎಲ್ಲಿ ಅನ್ಯಾಯವೋ ಅಲ್ಲಿ ಅವನು, ಅವನಿದ್ದಲ್ಲಿ ಮೈಕು. ಅವನು "ಬೇಕೇ ಬೇಕು" ಎಂದರೆ ಸಾಕು, ವಿಷಯವೇನೆಂದು ತಿಳಿಯದವರೂ "ನ್ಯಾಯ ಬೇಕು" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು.

ಅವನ ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಹೆಂಗಸರು ಪದೇ ಪದೇ ಎದ್ದು ಹೋಗುತ್ತಾರೆಂದು ಸೂಪರ್‌ವೈಸರ್ ಇಡೀ ಕಟ್ಟಡಕ್ಕಿದ್ದ ಒಂದೇ ಶೌಚಾಲಯಕ್ಕೆ ಬೀಗ ಜಡಿದು, ಬೀಗದಕೈಯನ್ನು ಜೇಬಿಗಿಳಿಸಿದ್ದ. ನೀರು ಕುಡಿಯಲು ಹೆದರಿ ಹೆದರಿ ಅವಳಿಗೆ ಉರಿಮೂತ್ರ ಅಂಟಿಕೊಂಡಿತ್ತು.

"ರೀ, ನಮ್ಮ ಕಡೆಗೂ ಒಂದ್ಸಲ ಬನ್ನಿ. ಕೂತ್ರೂ ನೋವು, ನಿಂತ್ರೂ ನೋವು."

"ಒಂದು ಮನವಿ ಬರೆದು ಕೊಡು, ಪರಿಶೀಲಿಸೋಣ," ಎಂದ ಮೈಕಣ್ಣ, ಕನ್ನಡಿ ಮುಂದೆ ಶಾಲು ಸರಿಮಾಡಿಕೊಳ್ಳುತ್ತ. "ಈ ವಾರ ವಿಶ್ವಶಾಂತಿ ಇದೆ ಕಣೇ."

ಅವಳಿಗೆ ಅಳು ಬಂತು. ಆ ವಿಶ್ವದಲ್ಲಿ ತಾನೂ ಇದ್ದೇನೆ ಎನ್ನುವಷ್ಟರಲ್ಲಿ ವಿಶ್ವಶಾಂತಿ ಗೇಟು ದಾಟಿತ್ತು.

ಮರುದಿನ ತಡೆಯಲಾರದೆ ಅವಳು ಯಂತ್ರ ನಿಲ್ಲಿಸಿ ಎದ್ದಳು. ಬಾಯಿಗೆ ಬಂದದ್ದು ಮನೆಯಲ್ಲಿ ಕೇಳಿ ಕೇಳಿ ಸಾಕಾಗಿದ್ದ ಮಾತೇ: "ಬೇಕೇ ಬೇಕು!"

"ಬೀಗದಕೈ ಬೇಕು!" ಎಂದರು ಸಾಲು ಸಾಲು ಹೆಂಗಸರು.

ನ್ಯಾಯ ಎಂದಿದ್ದರೆ ಸೂಪರ್‌ವೈಸರ್ ಒಂದು ಸಮಿತಿ ಮಾಡುತ್ತಿದ್ದ. ಬೀಗದಕೈ ಎಂದದ್ದರಿಂದ ಜೇಬಿಗೆ ಕೈ ಹಾಕಲೇಬೇಕಾಯಿತು.

ಸುದ್ದಿ ತಿಳಿದು ಮೈಕಣ್ಣ ಮೈಕು, ಶಾಲು, ಫೋಟೋದವನ ಸಮೇತ ಓಡಿಬಂದಾಗ ಯಂತ್ರಗಳು ಮತ್ತೆ ತಿರುಗುತ್ತಿದ್ದವು. ಅವನ ಮುಖ ಸಪ್ಪಗಾಯಿತು. ಸೂಪರ್‌ವೈಸರ್‌ನ ಹೆಗಲ ಮೇಲೆ ಕೈ ಹಾಕಿ, "ಅಣ್ಣಾ, ಸ್ವಲ್ಪ ಹೊತ್ತು ಮತ್ತೆ ಬೀಗ ಹಾಕಿಸಿಬಿಡಿ. ನಾವು ಹೋರಾಡಿ ತೆಗೆಸ್ತೀವಿ. ಫೋಟೋದಲ್ಲಿ ನೀವೂ ಇರ್ತೀರಿ," ಎಂದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಕತೆ ಎಲ್ಲರಿಗೂ ಗೊತ್ತು. ಗೆದ್ದ ಕೋಟೆಗೆ ಬೀಗ ಹಾಕಿಸಲು ಬಂದ ವೀರನನ್ನು ಹೆಂಗಸರು ಕಂಡದ್ದು ಅಂದೇ.

ಸೂಪರ್‌ವೈಸರ್‌ಗೆ ಇಂಥ ಕ್ರಾಂತಿಕಾರಿ ಇನ್ನೆಲ್ಲಿ ಸಿಗಬೇಕು! ಕೂರಿಸಿ ಚಹಾ ಕೊಟ್ಟ, ಅದರ ಮೇಲೆ ಇನ್ನೊಂದು ಚಹಾ ಕೊಟ್ಟ. ಮಾತು ಉದ್ದವಾದಂತೆ ಮೈಕಣ್ಣನ ಕಾಲಿನ ಮೇಲೆ ಕಾಲು ಏರಿತು. ಕೊನೆಗೆ ತಾಳಲಾರದೆ ಶೌಚಾಲಯದತ್ತ ಓಡಿದ.

ಬಾಗಿಲಿಗೆ ಬೀಗ. ಪಕ್ಕದಲ್ಲಿ ಹೆಂಡತಿ, ಬೀಗದಕೈ ಅವಳ ಸೊಂಟದಲ್ಲಿ.

"ನೀವೇ ಹಾಕಿಸಿ ಅಂದ್ರಲ್ಲ ರೀ, ಹಾಕಿದೀವಿ."

"ತಮಾಷೆ ಸಾಕು ಕಣೇ, ತೆಗಿ! ಬೇಕೇ ಬೇಕು..." ಎಂದ. ಏನು ಬೇಕೆಂದು ಅವನಿಗೆ ಸರಿಯಾಗಿ ಗೊತ್ತಿದ್ದದ್ದು ಜೀವಮಾನದಲ್ಲಿ ಅದೇ ಮೊದಲು.

"ಒಂದು ಮನವಿ ಬರೆದು ಕೊಡಿ," ಎಂದಳು ಅವಳು, "ಪರಿಶೀಲಿಸೋಣ."