ಮುರಿಯದ ಸಾಲು

ಕ್ಷಯರೋಗಿಗಳು ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಗೌಂಡಿ ಹುಲಗೇಶನಿಗೆ ಚೌಕಗಳ ಹಾಳೆಯೊಂದನ್ನು ಕೊಟ್ಟು, ಮಾತ್ರೆ ನುಂಗಿದ ದಿನ ಒಂದು ನಕ್ಷತ್ರ ಅಂಟಿಸಲು ಹೇಳಿದ್ದೆ. ಬೆಳೆಯುತ್ತಿರುವ ಸಾಲನ್ನು ಮುರಿಯಲು ಮನಸ್ಸು ಒಪ್ಪುವುದಿಲ್ಲವೆಂದು ಓದಿದ್ದೆ.

ಐದನೆಯ ವಾರ ಆ ಮಾತ್ರೆಗಳಿಂದಲೇ ಯಕೃತ್ತು ಕೆಟ್ಟು ಅವನು ತೀರಿಕೊಂಡನು. ಲಿಂಗಂಪಲ್ಲಿಯಲ್ಲಿದ್ದ ಅವರ ತಗಡಿನ ಶೆಡ್ಡಿಗೆ ಹೋದೆ.

"ಕಣ್ಣು ಹಳದಿ ಆಗಿದ್ವು, ಮಾತ್ರೆ ಬಿಡು ಅಂದೆ," ಎಂದಳು ಹೆಂಡತಿ ಹುಸೇನಮ್ಮ. "ಸಾಲು ಹರಿದ್ರ ಮೇಡಂಗ ಏನ್ ಮಾರಿ ತೋರಿಸ್ಲಿ, ಹುಚ್ಚಿ, ಅಂತ ನಕ್ಕ ನೋಡ್ರಿ."

ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಬರಬೇಕೆಂದು ನಾನು ಹಾಳೆಯ ಹಿಂಬದಿಯಲ್ಲಿ ಮುದ್ರಿಸಿದ್ದೆ. ಅವನು ಆ ಹಾಳೆಯನ್ನು ಮೊದಲ ದಿನವೇ ಗೋಡೆಗೆ ಅಂಟಿಸಿದ್ದನು. ಹಿಂಬದಿಯಲ್ಲಿ ಏನಿತ್ತೆಂದು ಹುಸೇನಮ್ಮನಿಗೆ ಹೇಳಿದೆ.

"ಅಷ್ಟೆಲ್ಲಾ ಹೇಳಿದ್ರಿ, ಅದೊಂದು ಮಾತು ಬಾಯಿಲೆ ಹೇಳಬಾರದಿತ್ತೇನ್ರಿ?"