ಮೊಳೆಯ ಮೇಲಿನ ರಿಬ್ಬನ್

ಕೆರೆ ದಂಡೆಯ ರಸ್ತೆಗೆ ಗಾಡಿ ಹತ್ತಿಸಿದ್ದೇ ತಡ, ಅವನಿಗೆ ನಗು ಬಂದುಬಿಟ್ಟಿತು. ಹೆಲ್ಮೆಟ್ಟಿನೊಳಗೆ ಒಬ್ಬನೇ ಹುಚ್ಚನ ಹಾಗೆ ನಕ್ಕ. ಚಳಿ ಹೋಗಿ ಇನ್ನೂ ನಾಲ್ಕು ದಿನವಾಗಿರಲಿಲ್ಲ. ಬೋಳು ಮರಗಳ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಇಣುಕುತ್ತಿತ್ತು, ಬಿಸಿಲು ಬೆನ್ನಿಗೆ ಹಿತವಾಗಿ ತಾಕುತ್ತಿತ್ತು, ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮೂರರಿಂದ ನಾಲ್ಕನೇ ಗೇರಿಗೆ ಹಾಕಿದಾಗ ಹಳೆಯ ಎಂಜಿನ್ನಿನ ಸದ್ದು ಒಂದು ಮಟ್ಟ ಇಳಿದು ಗಂಭೀರವಾಯಿತು. ಆಹಾ, ಇದಕ್ಕಿಂತ ಸುಖ ಇನ್ನೇನಿದೆ!

ಅವನೇನೂ ಸುಖ ಹುಡುಕಿಕೊಂಡು ಹೊರಟವನಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕಿಟಕಿಯ ಹಿಂದೆ ಹನ್ನೊಂದು ವರ್ಷದಿಂದ ಕೂತವನು. ನಲ್ಲಿಯಲ್ಲಿ ನೀರು ಬಾರದಿದ್ದರೂ ಅವನಿಗೇ ಬೈಗುಳ, ಬಂದ ನೀರು ಕೆಂಪಗಿದ್ದರೂ ಅವನಿಗೇ. ಆ ಬೆಳಿಗ್ಗೆ ಅಜ್ಜಿಯೊಬ್ಬರು ಖಾಲಿ ಬಕೆಟ್ಟನ್ನೇ ತಂದು ಕಿಟಕಿಯ ಮುಂದೆ ಕುಕ್ಕಿ, "ತುಂಬ್ಸಿ ಕೊಡಪ್ಪಾ, ಇಲ್ಲೇ ಕಾಯ್ತೀನಿ" ಎಂದು ಕೂತುಬಿಟ್ಟಿದ್ದರು. ತಲೆ ಚಿಟ್ಟು ಹಿಡಿದಿರುವಾಗ ಸಾಹೇಬರು ಕರೆದು, ಊರಾಚೆ ಒಂದು ವಾಲ್ವು ಸೋರುತ್ತಿದೆಯಂತೆ, ನೋಡಿಕೊಂಡು ಬಾ ಎಂದರು. ಹೋಗಿ ನೋಡಿದರೆ ಯಾರೋ ಆಗಲೇ ಸರಿಮಾಡಿ ಹೋಗಿದ್ದರು. ವಾಪಸು ಹೋದರೆ ಮತ್ತದೇ ಕಿಟಕಿ, ಅದೇ ಅಜ್ಜಿ, ಅದೇ ಬಕೆಟ್ಟು. ಗಾಡಿಯ ಮೂತಿ ತಾನಾಗಿಯೇ ಕೆರೆಯ ಕಡೆ ತಿರುಗಿತು ಎಂದೇ ಹೇಳಬೇಕು.

"ನಾಳೆ ಬೆಳಿಗ್ಗೆ ಗಾಡಿ ನಂಗೆ ಬೇಕು ಕಣೋ. ಇವತ್ತು ಆಫೀಸು, ಮನೆ, ಅಷ್ಟೆ. ಎಲ್ಲೂ ಸುತ್ತಬೇಡ" ಎಂದು ಅವನು ಹೊರಡುವಾಗ ಅಕ್ಕ ಹೇಳಿದ್ದಳು. ಅದು ಮರೆತುಹೋಗಿತ್ತು ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಒಂದಿಷ್ಟು ದೂರ ಹೋಗಿ ತಿರುಗಿಸಿದರಾಯಿತು ಎಂದುಕೊಂಡ. ಆ ಒಂದಿಷ್ಟು ದೂರ ಗುಡ್ಡದ ಬುಡದವರೆಗೆ ಬೆಳೆಯಿತು. ಅಲ್ಲಿಂದ ತಿರುಗಿ ಸ್ವಲ್ಪ ದೂರ ಬರುವಷ್ಟರಲ್ಲಿ ಎಂಜಿನ್ನು ಎರಡು ಸಲ ಕೆಮ್ಮಿತು.

ಅದು ಅಪ್ಪನ ಕಾಲದ ಗಾಡಿ. ಪೆಟ್ರೋಲು ಎಷ್ಟಿದೆಯೆಂದು ತೋರಿಸುವ ಮುಳ್ಳೂ ಇಲ್ಲ, ದೀಪವೂ ಇಲ್ಲ. ಟ್ಯಾಂಕಿನ ಕೆಳಗೊಂದು ಪುಟ್ಟ ತಿರುಗಣೆ ಇದೆ. ಗಾಡಿ ಕೆಮ್ಮಿದಾಗ ಅದನ್ನು ರಿಸರ್ವಿಗೆ ತಿರುಗಿಸಿದರೆ ತಳದ ಪೆಟ್ರೋಲು ಇಳಿದು ಇನ್ನೂ ಇಪ್ಪತ್ತು ಕಿಲೋಮೀಟರು ಓಡುತ್ತದೆ. ಒಂದೇ ಗಾಡಿಯನ್ನು ಹಂಚಿಕೊಂಡ ಅಕ್ಕ ತಮ್ಮ ಇದಕ್ಕೊಂದು ಕಟ್ಟಲೆ ಮಾಡಿಕೊಂಡಿದ್ದರು. ಯಾರ ಕೈಯಲ್ಲಿ ಗಾಡಿ ರಿಸರ್ವಿಗೆ ಬಿತ್ತೋ ಅವರು ಪೆಟ್ರೋಲು ಹಾಕಿಸಬೇಕು. ಆಗದಿದ್ದರೆ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ಅಕ್ಕನ ಹಳೆಯ ಕೆಂಪು ರಿಬ್ಬನ್ನನ್ನು ಹ್ಯಾಂಡಲಿಗೆ ಕಟ್ಟಬೇಕು. ಹನ್ನೆರಡು ವರ್ಷದಲ್ಲಿ ಇಬ್ಬರೂ ಒಂದು ಸಲವೂ ತಪ್ಪಿದ್ದಿಲ್ಲ.

ಅವನು ತಿರುಗಣೆ ತಿರುಗಿಸಿ ಮುಂದೆ ಹೊರಟ. ದಾರಿಯಲ್ಲಿದ್ದ ಬಂಕಿನಲ್ಲಿ "ಸ್ಟಾಕ್ ಇಲ್ಲ" ಎಂಬ ಹಲಗೆ ನೇತಾಡುತ್ತಿತ್ತು. ಸಂಜೆ ಹಾಕಿಸಿದರಾಯಿತು ಎಂದುಕೊಂಡ. ಆದರೆ ಸಂಜೆ ಕಿಟಕಿಯ ಮುಂದಿನ ಸಾಲು ಕರಗುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು, ಸೀದಾ ಮನೆಗೆ ಬಂದ.

ಗಾಡಿ ನಿಲ್ಲಿಸಿ ರಿಬ್ಬನ್ನನ್ನು ಕೈಗೆ ತೆಗೆದುಕೊಂಡಿದ್ದು ನಿಜ. ಅಡುಗೆಮನೆಯಿಂದ ಅಕ್ಕ ಗುನುಗುವುದು ಕೇಳಿಸಿತು. ಅವಳು ಗುನುಗಿ ಎಷ್ಟು ಕಾಲವಾಗಿತ್ತೋ! ರಿಬ್ಬನ್ ಕಟ್ಟಿದರೆ, ಭಾನುವಾರವಷ್ಟೇ ಪೆಟ್ರೋಲು ಹಾಕಿಸಿದ್ದೆನಲ್ಲೋ, ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾಳೆ. ಮುದ್ರಣಾಲಯದಲ್ಲಿ ಕರಡು ತಿದ್ದುವವಳು ಅವಳು, ಒಂದು ಕೊಂಬು ತಪ್ಪಿದ್ದರೂ ಕಣ್ಣು ತಪ್ಪಿಸುವ ಹಾಗಿಲ್ಲ. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ರಿಸರ್ವಿನಲ್ಲಿ ತಾನು ಓಡಿಸಿದ್ದು ಆರೇಳು ಕಿಲೋಮೀಟರು ಇರಬಹುದು. ನಾಳೆ ಅಕ್ಕ ಹೋಗಬೇಕಾದ ರೈಲ್ವೆ ಸ್ಟೇಷನ್ನಿಗೆ ಹನ್ನೊಂದು. ಸಾಕಲ್ಲ. ರಿಬ್ಬನ್ನನ್ನು ಮತ್ತೆ ಮೊಳೆಗೆ ಹಾಕಿ ಕಾಲು ತೊಳೆಯಲು ಹೋದ.

ಖುಷಿಯಲ್ಲಿ ಓಡಿಸಿದ ದೂರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅವನು ಓಡಿಸಿದ್ದು ಹದಿನಾಲ್ಕು.

ಅಕ್ಕನಿಗೆ ಸ್ಟೇಷನ್ನಿನಲ್ಲಿ ಏನು ಕೆಲಸವೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಅವಳದೇ ಮುದ್ರಣಾಲಯದ ಬೈಂಡರ್ ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಅಪ್ಪ ಹಾಸಿಗೆ ಹಿಡಿದಿದ್ದರು, ತಮ್ಮ ಇನ್ನೂ ಶಾಲೆಯಲ್ಲಿದ್ದ. ಅವಳು ಆಗುವುದಿಲ್ಲ ಎಂದಿದ್ದಳು. ಬೈಂಡರ್ ಊರು ಬಿಟ್ಟವನು ಒಂಟಿಯಾಗಿಯೇ ಉಳಿದ. ಹೋದ ವಾರ ಅವನ ಪತ್ರ ಬಂದಿತ್ತು. ಕೆಲಸ ಬದಲಾಯಿಸಿ ದೂರದೂರಿಗೆ ಹೋಗುತ್ತಿದ್ದಾನೆ, ಗುರುವಾರ ಬೆಳಿಗ್ಗೆ ಏಳು ಗಂಟೆಗೆ ರೈಲು ಇಲ್ಲಿ ಒಂಬತ್ತು ನಿಮಿಷ ನಿಲ್ಲುತ್ತದೆ. ನೀನು ಬಂದರೆ ಇಳಿದುಬಿಡುತ್ತೇನೆ, ಬಾರದಿದ್ದರೆ ಉತ್ತರ ಸಿಕ್ಕಿತು ಅಂದುಕೊಂಡು ಇನ್ನು ತೊಂದರೆ ಕೊಡುವುದಿಲ್ಲ ಎಂದು ಬರೆದಿದ್ದ. ಪತ್ರವನ್ನು ಅಕ್ಕನೇ ತಮ್ಮನಿಗೆ ಓದಲು ಕೊಟ್ಟು, "ನೋಡು, ಎಷ್ಟು ತಪ್ಪು ಬರೀತಾನೆ" ಎಂದು ನಕ್ಕಿದ್ದಳು.

ಗುರುವಾರ ಅವಳು ಕನ್ನಡಿಯ ಮುಂದೆ ಎರಡು ಸಲ ನಿಂತಳು. ಓಲೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆರೂಕಾಲಿಗೇ ಗಾಡಿ ಹೊರಗೆ ತಳ್ಳಿದಳು. ಹ್ಯಾಂಡಲಿನ ಮೇಲೊಮ್ಮೆ ಕಣ್ಣಾಡಿಸಿ ಕಿಕ್ ಹೊಡೆದಳು.

"ಅಕ್ಕಾ..." ಎಂದ ಅವನು, ಬಾಗಿಲಲ್ಲಿ ನಿಂತು.

"ಏನೋ?"

"ಏನಿಲ್ಲ. ಹುಷಾರು."

ಆ ಒಂದು ಕ್ಷಣವನ್ನು ಅವನು ಆಮೇಲೆ ಎಷ್ಟು ಸಲ ನೆನೆಸಿಕೊಂಡನೋ ದೇವರಿಗೇ ಗೊತ್ತು. ಬಾಯಿ ಬಿಟ್ಟು ಹೇಳಲು ಒಂದೇ ಮಾತು ಬೇಕಿತ್ತು.

ಒಂಬತ್ತು ಗಂಟೆಗೆ ಅಕ್ಕ ವಾಪಸು ಬಂದಳು, ಒಬ್ಬಳೇ. ಗಾಡಿ ನಿಲ್ಲಿಸಿ, ಪೆಟ್ರೋಲು ತಂದಿದ್ದ ಖಾಲಿ ಬಾಟಲಿಯನ್ನು ಪಕ್ಕಕ್ಕಿಟ್ಟು, ನಲ್ಲಿಯ ಕೆಳಗೆ ಕೈ ಹಿಡಿದು ತುಂಬಾ ಹೊತ್ತು ತೊಳೆದಳು.

"ಸೇತುವೆ ಮೇಲೆ ನಿಂತೋಯ್ತು" ಎಂದಳು. "ರಿಸರ್ವಿಗೆ ತಿರುಗಿಸೋಣ ಅಂತ ಕೈ ಹಾಕಿದೆ, ನೋಡಿದ್ರೆ ಆಗ್ಲೇ..."

ನಲ್ಲಿ ಕಟ್ಟಿದಳು.

"ಸ್ವಲ್ಪ ದೂರ ತಳ್ಳಿದೆ. ಯಾರೂ ನಿಲ್ಲಿಸ್ಲಿಲ್ಲ. ಆಮೇಲೆ ಹಾಲಿನ ವ್ಯಾನಿನೋರು ಹತ್ತಿಸ್ಕೊಂಡ್ರು, ಪಾಪ. ಪ್ಲಾಟ್‌ಫಾರ್ಮಿಗೆ ಓಡೋಷ್ಟರಲ್ಲಿ ಕೊನೇ ಡಬ್ಬಿ ಹೋಗ್ತಾ ಇತ್ತು."

"ಫೋನ್ ಮಾಡಕ್ಕಾ. ಮುಂದಿನ ಸ್ಟೇಷನ್‌ನಲ್ಲಿ ಇಳೀತಾರೆ. ಬೇಕಾದ್ರೆ ನಾನೇ ಮಾತಾಡ್ತೀನಿ, ತಪ್ಪು ನಂದು ಅಂತ ಹೇಳ್ತೀನಿ."

"ನಿಂದು ತಪ್ಪು ಅಂತ ಯಾರಂದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಕಳ್ಳ ಅನ್ನುವ ಮೊದಲೇ ಮುಟ್ಟಿಕೊಂಡಿದ್ದ. ಅಕ್ಕ ಅವನ ಮುಖವನ್ನು ಕರಡಿನ ಹಾಳೆಯಂತೆ ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಗುರುತು ಹಾಕಲಿಲ್ಲ.

"ಇಪ್ಪತ್ತು ವರ್ಷದ ಹಿಂದೆ ಅಪ್ಪನಿಗೆ ಹುಷಾರಿಲ್ಲ ಅಂದೆ. ಈಗ ಪೆಟ್ರೋಲ್ ಖಾಲಿ ಆಯ್ತು ಅನ್ಲಾ?" ಎಂದಳು. "ಅದೆಷ್ಟು ಸಲ ಅಂತ ನೆಪ ಕೇಳ್ತಾನೆ ಆ ಮನುಷ್ಯ! ಸಾಕು ಬಿಡೋ." ಓಲೆ ಬಿಚ್ಚುತ್ತ ಒಳಗೆ ಹೋದಳು. ಹತ್ತೂವರೆಗೆ ಎಂದಿನಂತೆ ಮುದ್ರಣಾಲಯಕ್ಕೆ ಹೊರಟಳು, ನಡೆದುಕೊಂಡು.

ಅಂದಿನಿಂದ ಅವಳು ಗಾಡಿ ಮುಟ್ಟಲಿಲ್ಲ. ಜಗಳವಿಲ್ಲ, ಮಾತು ಬಿಟ್ಟಿದ್ದಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಅಂಗಿಯ ಗುಂಡಿ ಹೊಲಿದುಕೊಡುತ್ತಿದ್ದಳು. ಬೈದಿದ್ದರೆ ಅವನು ಎಷ್ಟೋ ಹಗುರವಾಗುತ್ತಿದ್ದ. ಕಿಟಕಿಯ ಹಿಂದೆ ಕೂತು ಜನರ ಬೈಗುಳಕ್ಕೆ ಈಗ ತಲೆ ತಗ್ಗಿಸಿ ಹ್ಞೂಂ ಹ್ಞೂಂ ಎನ್ನುತ್ತಿದ್ದ. ಅಜ್ಜಿ ಮತ್ತೆ ಬಕೆಟ್ಟು ಹಿಡಿದು ಬಂದಾಗ ತಾನೇ ಎದ್ದು ಹೋಗಿ ಕಚೇರಿಯ ನಲ್ಲಿಯಿಂದ ತುಂಬಿಸಿ ಕೊಟ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವನು ಕೊಟ್ಟಿದ್ದು ಬರೀ ಒಂದು ಬಕೆಟ್ಟು ನೀರು.

ಮೂರನೆಯ ಭಾನುವಾರ ಅವನು ಟ್ಯಾಂಕು ಕಂಠಮಟ್ಟ ತುಂಬಿಸಿಕೊಂಡು ಬಂದು ಬಾಗಿಲಲ್ಲಿ ನಿಂತ. "ಬಾ ಅಕ್ಕಾ, ಒಂದು ಸುತ್ತು ಹೋಗಿಬರೋಣ" ಎಂದ. ಒಲ್ಲೆ ಎನ್ನುತ್ತಾಳೆಂದೇ ಅಂದುಕೊಂಡಿದ್ದ. ಅವಳು ಕೈಯೊರೆಸಿಕೊಂಡು ಬಂದಳು. ಇಬ್ಬರೂ ಹೋಗುವಾಗ ಯಾವಾಗಲೂ ಓಡಿಸುವವಳು ಅವಳೇ. ಅವನು ಕೀ ಚಾಚಿದ. ಅವಳು ತೆಗೆದುಕೊಳ್ಳದೆ ಹಿಂದಿನ ಸೀಟಿನಲ್ಲಿ ಕೂತಳು.

ಬೇರೆ ದಾರಿ ತೋಚದೆ ಅವನು ಕೆರೆಯ ದಂಡೆಗೇ ತಿರುಗಿಸಿದ. ಚಿಗುರು ಈಗ ಎಲೆಯಾಗಿತ್ತು. ಬಿಸಿಲು ಹಾಗೇ ಹಿತವಾಗಿತ್ತು, ರಸ್ತೆ ಹಾಗೇ ಖಾಲಿ. ನಾಲ್ಕನೇ ಗೇರಿಗೆ ಹಾಕಿದಾಗ ಎಂಜಿನ್ನಿನ ಸದ್ದು ಇಳಿದು ಗಂಭೀರವಾಯಿತು. ಬೇಡವೆಂದರೂ ಆ ಹಾಳು ಸಂತೋಷ ಎದೆಯೊಳಗೆ ಎದ್ದೇ ಎದ್ದಿತು. ಅವನಿಗೆ ನಾಚಿಕೆಯಾಯಿತು.

ಅಕ್ಕ ಅವನ ಹೆಗಲ ಮೇಲೆ ಕೈಯಿಟ್ಟು ಮುಂದಕ್ಕೆ ಬಗ್ಗಿದಳು.

"ಆವತ್ತೂ ಹೀಗೇ ಇತ್ತೇನೋ?" ಎಂದು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.

"ನಿಧಾನಕ್ಕೆ ಹೋಗು. ನಾನೂ ನೋಡ್ತೀನಿ" ಎಂದಳು. ಅವನು ಗೇರು ಇಳಿಸಿದ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ಗಾಳಿಗೆ ಹಾರುವ ಕೂದಲು ಮಾತ್ರ ಕಾಣುತ್ತಿತ್ತು, ಅದರಲ್ಲಿ ಅರ್ಧ ಬೆಳ್ಳಗಾಗಿತ್ತು.