ಪುಲ್ಲಿ ಕಚ್ಚಿಕೊಂಡಿತೇ? ಸುತ್ತಿಗೆ ಕೆಳಗಿಡಿ

ನಮ್ಮ ಬೀದಿಯ ಹಿಟ್ಟಿನ ಗಿರಣಿ ಅಕ್ಕನ ಗಂಡನಿಗೆ ನಾವೆಲ್ಲ ಇಟ್ಟ ಹೆಸರು ಸುತ್ತಿಗೆ ಭಾವ. ಬಾಗಿಲು ಬಿಗಿಯಾದರೂ ಸುತ್ತಿಗೆ, ರೇಡಿಯೊ ಗೊರಗೊರ ಅಂದರೂ ಸುತ್ತಿಗೆ. ಮನುಷ್ಯ ಒಳ್ಳೆಯವರೇ, ಕೈ ಮಾತ್ರ ಅವಸರದ್ದು.

ಅವತ್ತು ನಾನು ಗೋಧಿ ಡಬ್ಬ ಹಿಡಿದು ಹೋದರೆ ಗಿರಣಿ ನಿಂತಿತ್ತು. ಮೋಟರಿನ ಪುಲ್ಲಿ, ಅಂದರೆ ಬೆಲ್ಟ್ ಓಡುವ ಗಾಲಿ, ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಹೊಸದು ತಂದಾಗಿತ್ತು. ಹಳೆಯದು ಮಾತ್ರ ಜಪ್ಪಯ್ಯ ಅಂದರೂ ಶಾಫ್ಟ್ ಎಂಬ ತಿರುಗುವ ದಂಡ ಬಿಟ್ಟು ಬರುತ್ತಿರಲಿಲ್ಲ.

"ಎರಡು ಬಿಟ್ರೆ ತಾನಾಗೇ ಬರುತ್ತೆ," ಎಂದು ಭಾವ ಸುತ್ತಿಗೆ ಎತ್ತಿದರು.

"ಅಯ್ಯೋ, ಬೇಡ ಅಂದ್ರೆ! ಇರೋದು ಒಂದೇ ಮೋಟರು. ಅದೂ ಹೋದ್ರೆ ನಮ್ಮ ಹೊಟ್ಟೆಪಾಡೇನು?" ಅಕ್ಕ ಅಳುವುದೊಂದೇ ಬಾಕಿ.

"ಹಾಗಾದ್ರೆ ಬೆಂಕಿಲಿ ಕಾಯಿಸಿ ತೆಗೀತೀನಿ."

ಅಷ್ಟರಲ್ಲಿ ಅಕ್ಕ ಫೋನ್ ಮಾಡಿ ಕರೆಸಿದ್ದ ಅವಳ ತಂಗಿ ಬಂದಳು. ಮೋಟರ್ ರಿಪೇರಿ ಅಂಗಡಿಯವಳು, ಬಾಯಿ ಸ್ವಲ್ಪ ಜೋರು.

"ಭಾವ, ಇಲ್ಲೆಲ್ಲ ಹಿಟ್ಟಿನ ಧೂಳು. ಬೆಂಕಿ ಹಚ್ಚಿದ್ರೆ ಪುಲ್ಲಿ ಜೊತೆ ನಿಮ್ಮ ಮೀಸೇನೂ ಹೋಗುತ್ತೆ! ಮೊದಲು ಕರೆಂಟ್ ತೆಗೆದ್ರಾ?"

"ಸ್ವಿಚ್ ಆಫ್ ಮಾಡಿದೀನಲ್ಲ."

"ಯಾರಾದ್ರೂ ಗೊತ್ತಿಲ್ದೆ ಒತ್ತಿದ್ರೆ?" ಅವಳೇ ಮೇನ್ ಇಳಿಸಿ, ಫ್ಯೂಸ್ ಕಿತ್ತು ಅಕ್ಕನ ಕೈಗೆ ಕೊಟ್ಟಳು.

"ಅಲ್ಲಮ್ಮ, ಏಟು ಹಾಕಿದ್ರೆ ಅಂಥದ್ದೇನಾಗುತ್ತೆ?"

"ಶಾಫ್ಟ್ ಸೊಟ್ಟ ಆಗುತ್ತೆ. ಒಳಗಿನ ಬೇರಿಂಗ್ ಹಾಳಾಗುತ್ತೆ. ಚೂರು ಸಿಡಿದ್ರೆ ಕಣ್ಣೇ ಹೋಗುತ್ತೆ. ಪುಲ್ಲಿ ಅಂಗಡೀಲಿ ಸಿಗುತ್ತೆ, ಕಣ್ಣು ಸಿಗುತ್ತಾ?"

ಭಾವ ಸುತ್ತಿಗೆ ಕೆಳಗಿಟ್ಟರು.

ತಂಗಿ ತಾನೂ ಕಣ್ಣು ಕಾಯುವ ದಪ್ಪ ಕನ್ನಡಕ ಹಾಕಿಕೊಂಡು ಅವರಿಗೂ ಒಂದು ಕೊಟ್ಟಳು. ಪುಲ್ಲಿಯ ಬುಡ ನೋಡಿದವಳೇ ಅಕ್ಕನ ತಲೆಯಿಂದ ಪಿನ್ನು ಕಿತ್ತು, ಹಿಟ್ಟು ಎಣ್ಣೆ ಸೇರಿ ಗಟ್ಟಿಯಾಗಿದ್ದ ಕಡೆ ಕೆರೆದಳು. ಒಂದು ತೂತು ಕಂಡಿತು. ಅದರೊಳಗೆ ಪುಟ್ಟ ಸ್ಕ್ರೂ!

"ನೋಡಿ ಭಾವ, ಇದನ್ನ ಬಿಚ್ಚದೆ ನಾಳೆವರೆಗೂ ಬಡೀತಾ ಇರ್ತಿದ್ರಿ."

ಸ್ಕ್ರೂ ಬಿಚ್ಚಿದರೂ ಪುಲ್ಲಿ ಅಲುಗಲಿಲ್ಲ. ಒತ್ತಿ ಕೂರಿಸಿದ್ದು, ಅಷ್ಟು ಬಿಗಿ. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ಲೋಟ ಟೀ ಕುಡಿದು ಕಾದೆವು. ಆಮೇಲೆ ಅವಳು ಚೀಲದಿಂದ, ಗಾಲಿಯನ್ನು ಎಳೆದು ಬಿಡಿಸುವ ಮೂರು ಕಾಲಿನ ಪುಲ್ಲರ್ ತೆಗೆದಳು. ಕಾಲುಗಳನ್ನು ಪುಲ್ಲಿಯ ಹಿಂಬದಿಯ ಗಟ್ಟಿ ಬುಡಕ್ಕೆ ಸಿಕ್ಕಿಸಿ, ನಡುವಿನ ಬೋಲ್ಟನ್ನು ಶಾಫ್ಟಿನ ನಟ್ಟನಡುವೆ ನಿಲ್ಲಿಸಿ, ಸ್ಪ್ಯಾನರನ್ನು ಭಾವನ ಕೈಗಿಟ್ಟಳು.

"ನಿಧಾನ. ಸ್ವಲ್ಪ ಸ್ವಲ್ಪ ತಿರುಗಿಸಿ. ವಾಲಿತು ಅನ್ಸಿದ್ರೆ ನಿಲ್ಲಿಸಿ. ಎದುರಿಗೆ ಯಾರೂ ನಿಲ್ಬೇಡಿ."

ಭಾವನಿಗೆ ನಿಧಾನ ಎಂದರೆ ಆಗದು, ಆದರೂ ತಿರುಗಿಸಿದರು. ಟಕ್ ಎಂದಿತು. ಪುಲ್ಲಿ ಮೆಲ್ಲಗೆ ಜಾರಿ ಬಂತು!

ಅಕ್ಕ ಶಾಫ್ಟ್ ಸವರಿ ನೋಡಿದಳು. "ನೆಟ್ಟಗಿದೆ ಕಣೇ! ಒಂದು ಗೀರೂ ಇಲ್ಲ!" ಈಗ ನಿಜವಾಗಿಯೂ ಅತ್ತಳು, ನಗುತ್ತಲೇ.

"ಇದು ಬಾಡಿಗೆಗೆ ಸಿಗುತ್ತಾ?" ಭಾವ ಪುಲ್ಲರ್ ತಿರುವಿ ನೋಡುತ್ತಾ ಕೇಳಿದರು.

"ನಿಮಗೆ ಬಾಡಿಗೆ ಬೇಡ. ಸುತ್ತಿಗೆ ಅಡ ಇಟ್ಟು ತಗೊಂಡು ಹೋಗಿ."

ಸಂಜೆಗೆ ಗಿರಣಿ ಓಡಿತು. ನನ್ನ ಗೋಧಿಯೂ ಹಿಟ್ಟಾಯಿತು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮೋಟರಿನಲ್ಲೂ ಏನಾದರೂ ಕಚ್ಚಿಕೊಂಡರೆ ಮೊದಲು ಕರೆಂಟ್ ಪೂರ್ತಿ ತೆಗೆಯಿರಿ. ಕಣ್ಣಿಗೆ ಕನ್ನಡಕ ಹಾಕಿ, ಅವಿತ ಸ್ಕ್ರೂ ಹುಡುಕಿ, ಪುಲ್ಲರ್ ತನ್ನಿ. ಬರದಿದ್ದರೆ ತಿಳಿದವರನ್ನು ಕರೆಯಿರಿ. ಆದರೂ ಕೈ ತುರಿಸಿದರೆ ನಿಮ್ಮ ಸುತ್ತಿಗೆಯನ್ನೂ ಕಳಿಸಿಕೊಡಿ. ತಂಗಿಯ ಅಂಗಡಿಯಲ್ಲಿ ಭಾವನ ಸುತ್ತಿಗೆ ಒಂಟಿಯಾಗಿ ನೇತಾಡುತ್ತಿದೆ, ಪಕ್ಕದ ಮೊಳೆ ಖಾಲಿ ಇದೆ.